ಇತರೆ ಎಂಬ ಫೋಲ್ಡರ್

ನನ್ನ ಕೈ ಸುಮ್ಮನಿರುವ ಕೈಯಲ್ಲ. ಊಟಕ್ಕೆ ಕೂತರೂ ಉಪ್ಪಿನಕಾಯಿ ಬಾಟಲಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತೇನೆ. ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು, ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಆಯಸ್ಸು ಸವೆಸಿದವನು ನಾನು. ಕಡತ ವಿಂಗಡಿಸಿ ಕೆಂಪು ಬಟ್ಟೆಯಲ್ಲಿ ಕಟ್ಟಿಡುವುದೇ ಕೆಲಸ. ನಿವೃತ್ತಿಯಾದ ಮೇಲೆ ಕಟ್ಟಲು ಏನೂ ಸಿಗದೆ ಒದ್ದಾಡುತ್ತಿದ್ದವನ ಕಣ್ಣಿಗೆ ಮನೆಯ ಟ್ಯಾಬು ಬಿತ್ತು.

ಪರದೆಯ ತುಂಬ ಆ್ಯಪುಗಳು, ಸಂತೆಯಲ್ಲಿ ಸುರಿದ ಬದನೆಕಾಯಿಯ ಹಾಗೆ. ಒಂದನ್ನು ಒತ್ತಿ ಹಿಡಿದು ಇನ್ನೊಂದರ ಮೇಲೆ ಬಿಟ್ಟರೆ ಫೋಲ್ಡರ್ ಹುಟ್ಟುತ್ತದೆ, ಅದಕ್ಕೆ ಹೆಸರನ್ನೂ ಇಡಬಹುದು ಎಂದು ಗೊತ್ತಾದ ದಿನ ನನಗಾದ ಖುಷಿಯನ್ನು ಏನೆಂದು ಹೇಳಲಿ! ಬ್ಯಾಂಕು, ಸರ್ಕಾರ, ಸುದ್ದಿ, ಆರೋಗ್ಯ ಎಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಕಟ್ಟಿ ಮುಗಿಸಿದೆ. ಯಾವ ಶೀರ್ಷಿಕೆಗೂ ಒಗ್ಗದೆ ಉಳಿದವು ಎರಡು: ಟಾರ್ಚು ಮತ್ತು ಚಿತ್ರ ಬರೆಯುವ ಆ್ಯಪು. ಎರಡನ್ನೂ ಸೇರಿಸಿ 'ಇತರೆ' ಎಂದು ಬರೆದು ಕೈ ತೊಳೆದುಕೊಂಡೆ.

ಆ ಚಿತ್ರದ ಆ್ಯಪು ನನ್ನ ಹೆಂಡತಿ ಮಹದೇವಮ್ಮನದು. ಹೆಮ್ಮಿಗೆಯಲ್ಲಿ ಹುಟ್ಟಿ, ಬೀದಿಯಗಲಕ್ಕೂ ರಂಗೋಲಿ ಬಿಡುತ್ತಿದ್ದವಳು. ಮಂಡಿ ನೋವು ಬಂದು ಕುಕ್ಕರಗಾಲಲ್ಲಿ ಕೂರಲಾಗದೆ ಹೋದಾಗ, ಟ್ಯಾಬಿನ ಮೇಲೆ ಬೆರಳಲ್ಲೇ ಚುಕ್ಕಿಯಿಟ್ಟು ಎಳೆ ಎಳೆಯಲು ಕಲಿತಳು. ಸಂಜೆ ಇವಳು ಬರೆದದ್ದನ್ನು ಪಕ್ಕದ ಮನೆಯ ನಾಗರತ್ನ ನೋಡಿಕೊಂಡು ಹೋಗಿ, ಬೆಳಿಗ್ಗೆ ತನ್ನ ಬಾಗಿಲಿಗೂ ನಮ್ಮ ಬಾಗಿಲಿಗೂ ಹಾಕುತ್ತಿದ್ದಳು. ಅದು ನೆಲಕ್ಕೆ ಸರಿಯಾಗಿ ಇಳಿದಿದೆಯೇ ಎಂದು ನೋಡಲು ಇವಳು ಕಾಫಿ ಲೋಟ ಹಿಡಿದು ಗೇಟಿನ ತನಕ ಕುಂಟಿಕೊಂಡು ಹೋಗುತ್ತಿದ್ದಳು. ಇದನ್ನೆಲ್ಲ ದಿನಾ ಕಂಡವನೇ ನಾನು. ಆದರೂ ಶೀರ್ಷಿಕೆ ಹೊಳೆಯಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ನಾಗರತ್ನ ಗೇಟಿನ ಬಳಿ ನನ್ನನ್ನು ತಡೆದಳು. "ಸಾ, ಅಮ್ಮಾರಿಗೆ ನನ್ ಮ್ಯಾಲೆ ಏನಾರ ಬೇಜಾರಾ? ಧನುರ್ಮಾಸ ಮುಗೀತಾ ಬಂತು, ಒಂದ್ ರಂಗೋಲಿನೂ ತೋರ್ಸ್ನಿಲ್ಲ."

ನಾನು ಕಟ್ಟಿಟ್ಟ ಫೋಲ್ಡರುಗಳು ನೆನಪಾದವು. ಒಳಗೆ ಹೋಗಿ, ಆ್ಯಪು ಸಿಗಲಿಲ್ಲವೇ ಎಂದು ಕೇಳಿದೆ. ಮಹದೇವಮ್ಮ ಅವರೆಕಾಯಿ ಬಿಡಿಸುತ್ತಿದ್ದಳು.

"ಸಿಗ್ದೆ ಏನು? ಇತರೆ ಒಳಗದೆ ಅಂತ ಅವತ್ತೇ ನೋಡ್ದೆ. ನೀವೇ ಏಳ್ತಿದ್ರಲ್ಲ, ಇತರೆಗೆ ಓದ್ ಕಡತ ವಾಪಸ್ ಬರಕಿಲ್ಲ ಅಂತ. ಅದ್ಕೇ ಸುಮ್ಕಾದೆ ಕಣ್ರೀ."

ಹೌದು, ಹೇಳುತ್ತಿದ್ದೆ. ನಗುನಗುತ್ತಲೇ ಹೇಳುತ್ತಿದ್ದೆ. ನಮ್ಮ ರೆಕಾರ್ಡ್ ರೂಮಿನಲ್ಲಿ 'ಇತರೆ' ಎಂದರೆ ಯಾರೂ ಕೈಯಿಡದ ಮೂಲೆ, ಇಲಿಯ ಪಾಲು. ನಮ್ಮ ಹಿರಿಯರು ರುಚಿಯನ್ನು ಆರಾಗಿ ವಿಂಗಡಿಸಿದರು, ಋತುವನ್ನೂ ಆರಾಗಿ ವಿಂಗಡಿಸಿದರು. ಏಳನೆಯದಾಗಿ 'ಇತರೆ' ಎಂದು ಬರೆದಿಟ್ಟದ್ದನ್ನು ನಾನಂತೂ ಕಂಡಿಲ್ಲ. ಕಲೆಗಳು ಅರವತ್ತನಾಲ್ಕು ಎಂದು ಎಣಿಸುವಾಗಲೂ, ಅಕ್ಕಿಯಲ್ಲಿ ಹೂವಿನಲ್ಲಿ ನೆಲದ ಮೇಲೆ ಬರೆಯುವುದಕ್ಕೆ ಮರೆಯದೆ ಒಂದು ಜಾಗ ಕೊಟ್ಟರು. ನಾನು ಮಾತ್ರ ನನ್ನ ಹೆಂಡತಿಯ ಕಲೆಯನ್ನು ಟಾರ್ಚಿನ ಜೊತೆ ಕಟ್ಟಿಟ್ಟೆ. ಒಂದಿಡೀ ಧನುರ್ಮಾಸ ನಮ್ಮ ಬಾಗಿಲಲ್ಲಿ ಅವಳ ರಂಗೋಲಿ ಇರಲಿಲ್ಲ, ಆ ಬಾಗಿಲನ್ನು ದಾಟಿಕೊಂಡೇ ದಿನಾ ಹಾಲು ತಂದ ನನಗೆ ಗೊತ್ತೂ ಆಗಲಿಲ್ಲ. ಅದೇ ಹೆಚ್ಚು ಸಂಕಟ.

ಪ್ರಾಯಶ್ಚಿತ್ತಕ್ಕೆಂದು ಆ್ಯಪನ್ನು 'ಇತರೆ'ಯಿಂದ ಹೊರಗೆಳೆದೆ. 'ಮಹದೇವಮ್ಮ' ಎಂದೇ ಒಂದು ಫೋಲ್ಡರ್ ಮಾಡೋಣವೆಂದುಕೊಂಡೆ. ಆಗಲಿಲ್ಲ. ಒಂದೇ ಆ್ಯಪಿಟ್ಟರೆ ಫೋಲ್ಡರ್ ಹುಟ್ಟುವುದಿಲ್ಲ, ಎರಡನೆಯದೊಂದು ಬೇಕು. ಅವಳಿಗೆ ಇಷ್ಟವಾದ ಎರಡನೆಯದು ಯಾವುದು? ಮೂವತ್ತೈದು ವರ್ಷದ ಸಂಸಾರವನ್ನೆಲ್ಲ ತಡಕಿದೆ. ಅವಳು ಮಾಡಿದ್ದು ಬೇಕಾದಷ್ಟು ನೆನಪಾಯಿತು. ಇಷ್ಟಪಟ್ಟದ್ದು ಸಿಗಲಿಲ್ಲ. ನಾಚಿಕೆ ಬಿಟ್ಟು ಅವಳನ್ನೇ ಕೇಳಿದೆ.

"ಅಯ್ಯೋ, ಈಗ ಕೇಳ್ತಾವ್ರಲ್ಲಪ್ಪ ಸಾಹೇಬ್ರು!" ಎಂದು ನಕ್ಕಳು. ಆಮೇಲೆ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. "ಯಾರೂ ಕೇಳಿರ್ನಿಲ್ಲ ಕಣ್ರೀ. ಯೋಚ್ನೆ ಮಾಡಿ ಏಳ್ತೀನಿ, ತಾಳಿ."

ನಾಳೆ ಬಾ, ನಾಡಿದ್ದು ಬಾ ಎಂದು ಎಷ್ಟೋ ಜನರನ್ನು ಕಚೇರಿಯ ಕಿಟಕಿಯ ಹೊರಗೆ ನಿಲ್ಲಿಸಿದವನು ನಾನು. ಈಗ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ, ಉತ್ತರ ಬಂತೇ ಎಂದು.