ಅವ್ವನ ಮಾನಿಟರಿಗೆ ಬಂದ ಅಂಗಿಯ ತೋಳು

ಪುಣೆಯ ಕನ್ನಡ ಮಂದಿಗೆ ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಕಸುಬಾಗಿತ್ತು. ಒಂದು ಮಾನಿಟರಿನಲ್ಲಿ ಅಕ್ಷರ, ಇನ್ನೊಂದರಲ್ಲಿ ಚಿತ್ರ ಇಟ್ಟುಕೊಂಡರೆ ಕೆಲಸ ಸಲೀಸು ಅಂತ, ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ಹಳೆಯ ಡಬ್ಬಿ ಮಾನಿಟರಿನ ಬಲಕ್ಕೆ ಹೊಸದೊಂದು ತೆಳ್ಳಗಿನದನ್ನು ತಂದಿಟ್ಟೆ. ನನ್ನ ಜೊತೆಗೇ ಮಗರಪಟ್ಟಾದ ಫ್ಲ್ಯಾಟಿನಲ್ಲಿದ್ದ ಅವ್ವ ಬಂದವರ ಮುಂದೆಲ್ಲ ದೂರುತ್ತಿದ್ದಳು: 'ನಮ್ಮನ್ಯಾಗ ಎರಡು ಟಿವಿ ಅದಾವ್ರಿ, ಒಂದರಾಗೂ ಸೀರಿಯಲ್ ಬರೂದಿಲ್ಲ.'

ಅಪ್ಪ ಖಡಕಿಯ ಕಾರ್ಖಾನೆಯಲ್ಲಿದ್ದ. ನಾನು ಕಾಲೇಜಿನಲ್ಲಿದ್ದಾಗಲೇ ಹೋಗಿಬಿಟ್ಟ. ಅವನೂ ಅವ್ವನೂ ಜೊತೆಗಿದ್ದ ಒಂದು ಫೋಟೊ ಕೂಡ ನಮ್ಮ ಮನೆಯಲ್ಲಿರಲಿಲ್ಲ. ಮದುವೆಯ ರೀಲು ಫೋಟೊಗ್ರಾಫರನ ಕೈಯಲ್ಲೇ ಹಾಳಾಗಿತ್ತಂತೆ. ಆಮೇಲೆ ಅಪ್ಪ ಪ್ರತಿ ವಾರವೂ 'ಬರೂ ಐತವಾರ ಕ್ಯಾಂಪಿನ ಪ್ಯಾಟಿಗೆ ಹೋಗಿ ಸ್ಟುಡಿಯೋದಾಗ ತೆಗಿಸೋಣು' ಅನ್ನುತ್ತಿದ್ದ. ಐತವಾರ ಬಂದರೆ ಉಂಡು ಮಲಗುತ್ತಿದ್ದ. ಕಡೆಗೆ ಉಳಿದದ್ದು ಅವನ ಒಂಟಿ ಫೋಟೊ, ಗೋಡೆಯ ಮೇಲೆ, ಗಂಧದ ಹಾರದೊಳಗೆ.

ಅವ್ವನದೂ ಒಂದು ಒಂಟಿ ಫೋಟೊ ಇತ್ತು, ಯಾರದೋ ಮದುವೆಯಲ್ಲಿ ತೆಗೆದದ್ದು. ಎರಡನ್ನೂ ಸೇರಿಸಿ ಒಂದು ಮಾಡಿಕೊಡಲೇನು ಅಂತ ಕೇಳಿದಾಗ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಅವತ್ತು ಅತ್ತೆ, ಅಂದರೆ ಅಪ್ಪನ ತಂಗಿ, ಮನೆಗೆ ಬಂದಿದ್ದಳು.

'ಹೋದವರ ಬಾಜೂಕ ಇದ್ದವರನ್ನ ಒಂದ ಚೌಕಟ್ಟಿನ್ಯಾಗ ಕೂಡಸಬಾರದ್ರಿ ವೈನಿ. ಛಲೋ ಅಲ್ಲ.'

ಅವ್ವ ಎದ್ದು ಒಳಗೆ ಹೋದಳು. ಅವತ್ತು ಅವಳು ರೊಟ್ಟಿ ಬಡಿದ ಸದ್ದು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ. ಮರೆತೆ ಅಂತಲೇ ಇಟ್ಟುಕೊಳ್ಳೋಣ.

ಕೆಲವು ದಿನಗಳ ಮೇಲೆ ಮೇಜಿನ ಮುಂದೆ ಕೂತಾಗ ಹೊಳೆಯಿತು. ಅವ್ವನನ್ನು ಕರೆದೆ. 'ಇವು ಎರಡು ಬ್ಯಾರೆ ಬ್ಯಾರೆ ಮಾನಿಟರ್. ಇದರಾಗ ಅಪ್ಪ, ಅದರಾಗ ನೀನು. ಚೌಕಟ್ಟ ಒಂದ ಅಲ್ಲ ನೋಡು.'

ಅವಳು ಎರಡನ್ನೂ ಮುಟ್ಟಿ ನೋಡಿದಳು. 'ಬ್ಯಾರೆ ಅಂದ್ರ ಅಡ್ಡಿ ಇಲ್ಲ. ನಾ ಅವರ ಎಡಕ್ಕ ಇರಬೇಕು, ಅಷ್ಟ.'

ಆದರೆ ನನ್ನ ಕಂಪ್ಯೂಟರಿಗೆ ಅಷ್ಟು ಜಾಣತನ ಇರಲಿಲ್ಲ. ಅಪ್ಪನನ್ನು ವಾಲ್‌ಪೇಪರ್ ಮಾಡಿದರೆ ಎರಡು ಕಡೆಯೂ ಅಪ್ಪನೇ ಬಂದು ಕೂತ.

'ಇಬ್ಬರು ಗಂಡಂದಿರನ್ನ ತೊಗೊಂಡು ನಾ ಏನ ಮಾಡ್ಲೆ?' ಅಂದಳು ಅವ್ವ. 'ಒಬ್ಬರದ ಸಾಕಾಗಿತ್ತು.'

ಇದಕ್ಕೊಂದೇ ಉಪಾಯವಿತ್ತು. ಇಬ್ಬರನ್ನೂ ಒಂದೇ ಉದ್ದನೆಯ ಚಿತ್ರವಾಗಿ ಅಂಟಿಸಿ, 'ಟೈಲ್' ಅನ್ನುವ ಆಯ್ಕೆ ಒತ್ತಿದರೆ ಅರ್ಧ ಚಿತ್ರ ಈ ಮಾನಿಟರಿಗೆ, ಅರ್ಧ ಆ ಮಾನಿಟರಿಗೆ ಹಂಚಿಹೋಗುತ್ತಿತ್ತು. ಅಂದರೆ ಅತ್ತೆ ಬೇಡವೆಂದದ್ದನ್ನೇ ನಾನು ಒಳಗಿಂದೊಳಗೆ ಮಾಡಬೇಕಿತ್ತು. ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಹೋಗಲಿಲ್ಲ.

ಎರಡು ಮಾನಿಟರುಗಳ ಅಳತೆ ಬೇರೆಯಾದ್ದರಿಂದ ಮೊದಲ ಸಲ ಲೆಕ್ಕ ತಪ್ಪಿತು. ಅಪ್ಪನ ಎಡದೋಳು ಅವನ ಮಾನಿಟರಿನಲ್ಲಿ ಹಿಡಿಸದೆ, ಬಿಳಿ ಅಂಗಿಯ ಒಂದು ಪಟ್ಟಿ ಅವ್ವನ ಮಾನಿಟರಿನ ಅಂಚಿಗೆ ಬಂದು ಕೂತಿತು. ಸರಿಮಾಡಲು ಮೌಸ್ ಹಿಡಿದೆ.

'ಇರ್ಲಿ ಬಿಡು,' ಅಂದಳು ಅವ್ವ.

'ಕೆಟ್ಟ ಕಾಣಸ್ತದವ್ವ.'

'ನಿನಗ ಕಾಣಸ್ತದ. ನಾ ಏನ ಪತ್ರಿಕಿ ಛಾಪಿಸ್ಲಿಕ್ಕೆ ಬಂದೇನೇನು?'

ಅಂದಿನಿಂದ ದಿನವಿಡೀ ಇಬ್ಬರೂ ಯಾರಯಾರದೋ ಲಗ್ನದ ಮುಹೂರ್ತಗಳ ಹಿಂದೆ ಮುಚ್ಚಿಹೋಗಿರುತ್ತಿದ್ದರು. ಸಂಜೆ ಅವ್ವ ಕುರ್ಚಿ ಎಳೆದುಕೊಂಡು ಬಂದು, 'ನಿನ್ನ ಮಂದೀನ್ನೆಲ್ಲ ಸರಸು' ಅನ್ನುತ್ತಿದ್ದಳು. ನಾನು ಎಲ್ಲವನ್ನೂ ಕೆಳಗಿಳಿಸುತ್ತಿದ್ದೆ. ಅವಳು ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು.

ಅಂಥದೇ ಒಂದು ಸಂಜೆ ಅತ್ತೆ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

'ಇದೇನ್ರಿ ವೈನಿ?'

'ಬ್ಯಾರೆ ಬ್ಯಾರೆ ಅದಾವ್ರಿ,' ಅಂದಳು ಅವ್ವ. ಎದ್ದುಹೋಗಿ ಎರಡು ಮಾನಿಟರುಗಳ ನಡುವಿನ ಸಂದಿಯಲ್ಲಿ ಅಂಗೈ ತೂರಿಸಿ ತೋರಿಸಿದಳು. 'ನೋಡ್ರಿ, ನಡಬರಕ ಕೈ ಹೋಗ್ತದ.'

ಅತ್ತೆ ಚಾಳೀಸು ಹಾಕಿಕೊಂಡು ಹತ್ತಿರ ಬಂದಳು. ಅವಳ ಬೆರಳು ನೇರ ಆ ಬಿಳಿ ಪಟ್ಟಿಯ ಮೇಲೆ ಹೋಯಿತು. 'ಮತ್ತ ಈ ತೋಳು?'

ನಾನು ಏನೋ ಹೇಳಲು ಬಾಯಿ ತೆರೆದೆ. ಅವ್ವ ಬಿಡಲಿಲ್ಲ.

'ಫೋಟೋಕ್ಕ ಬರ್ತೀನಿ, ಬರ್ತೀನಿ ಅಂತ ಜಲ್ಮಪೂರ್ತಿ ಅಂದ್ರು,' ಅಂದಳು. 'ಇಷ್ಟಾದ್ರೂ ಬರ್ಲಿ ಬಿಡ್ರಿ.'

ಅತ್ತೆ ಸೆರಗಿನ ತುದಿಯಿಂದ ಅವ್ವನ ಮಾನಿಟರಿನ ಧೂಳು ಒರೆಸಿದಳು. ಅಣ್ಣನ ತೋಳಿದ್ದ ಆ ಅಂಚನ್ನು ಇನ್ನೊಂದು ಸಲ ಒರೆಸಿದಳು. ನಾನು ಒಳಗೆ ಹೋಗಿ ಅವಳ ಚಹಾಕ್ಕೆ ಸಕ್ಕರೆ ಹಾಕಿದೆ.