ಸಂಜೆ ಏಳರ ಬೋರ್ಡು

ಹಲಸಿನ ಹಣ್ಣು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮನೆಯವರಿಗೆಲ್ಲ ಇದೊಂದು ತಮಾಷೆ. ಬೇಕೆಂದೇ ತೊಳೆ ತಂದು ಮೂಗಿನ ಹತ್ತಿರ ಹಿಡಿದು ಕಾಡಿಸುತ್ತಾರೆ. ಹಣ್ಣಿನ ತಪ್ಪೇನಿದೆ, ಪಾಪ. ತಪ್ಪು ಮಾಡಿದವನು ಚನ್ನಪಟ್ಟಣದಲ್ಲಿ ಚಂದ್ರಿಕೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ಆತ ಸತ್ತು ಎಷ್ಟೋ ವರ್ಷವಾಯಿತು. ಇನ್ನಾದರೂ ಬಿಡು ಎನ್ನುತ್ತಾರೆ. ನಾನು ಬಿಟ್ಟಿಲ್ಲ.

ಚಂದ್ರಿಕೆ ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುತ್ತುಸುತ್ತಾಗಿ ಕೂರಿಸಿದ ಬಿದಿರಿನ ಪಟ್ಟಿ. ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಹಳದಿಯಾಗಿ, ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದರೆ ಹಣ್ಣಾಯಿತು ಅಂತ. ಆಗ ಅದನ್ನು ಆರಿಸಿ ಚಂದ್ರಿಕೆಯ ಸಂದಿಗೆ ಬಿಟ್ಟರೆ ನೆಮ್ಮದಿಯಾಗಿ ಗೂಡು ಕಟ್ಟುತ್ತದೆ. ಬಿಡದಿದ್ದರೆ ಅದೇನೂ ಕಾದು ಕೂರುವುದಿಲ್ಲ. ಕಸದಲ್ಲೋ, ಹಿಕ್ಕೆಯಲ್ಲೋ, ಸಿಕ್ಕಿದ ಕಡೆ ನೂಲು ಬಿಟ್ಟು ಮುಗಿಸಿಬಿಡುತ್ತದೆ. ನಾಳೆ ಬಾ ಎಂದು ಗಿರಾಕಿಗೆ ಹೇಳಬಹುದು, ಹುಳಕ್ಕೆ ಹೇಳಲಾಗುವುದಿಲ್ಲ.

ನಮ್ಮದು ಬೈರಾಪಟ್ಟಣದ ಕಡೆಯ ಸಣ್ಣ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ನಿಂತು ಸಾಕಿದ ಮೊದಲ ಬೆಳೆ ಅದು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರವನ್ನೂ ಒಂದು ಹುಳುವೂ ಸಾಯದ ಹಾಗೆ ದಾಟಿಸಿದ್ದಳು. ಕೈಯಲ್ಲಿ ಆಗುವುದಿಲ್ಲ, ಹೆಂಗಸು, ಎಂದು ಆಡಿಕೊಂಡಿದ್ದವರೇ ಬಂದು ಹುಳು ಸಾಕುವ ತಟ್ಟೆಗಳನ್ನು ಇಣುಕಿ ನೋಡಿ ಮಾತಿಲ್ಲದೆ ಹೋಗುತ್ತಿದ್ದರು.

ನಾನು ಆಗ ಚನ್ನಪಟ್ಟಣದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಅದೇ ದಿನಗಳಲ್ಲಿ ಅವ್ವನಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅವಳೇ ಆಸೆಪಟ್ಟು ಮಗಳನ್ನು ಕೇಳಿದ್ದಳು. "ಹೆಬ್ಬೆಟ್ಟು ಒತ್ತಿ ಒತ್ತಿ ನಾಚ್ಕೆ ಆಯ್ತದೆ ಕಣ್ ಮಗ. ನನ್ನೆಸ್ರು ನಾನೇ ಬರೀಬೇಕು." ಸೊಪ್ಪು ಹಾಕಿ ಬಂದವಳೇ ಕೈ ತೊಳೆದುಕೊಂಡು ಸ್ಲೇಟು ಹಿಡಿದು ಕೂರುತ್ತಿದ್ದಳು. ಅಂಕಿಗಳೆಲ್ಲ ಬಂದಿದ್ದವು. ಅವಳ ಹೆಸರಿಗೆ ನಾಲ್ಕು ಅಕ್ಷರ, ಮೂರು ಬಂದಿದ್ದವು. ನಾಲ್ಕನೆಯದಕ್ಕೆ ಒತ್ತು ಇತ್ತು, ಅದು ಒಂದು ಕಡೆ ಸೊಟ್ಟಗಾಗಿ ಸ್ಲೇಟಿನಿಂದ ಆಚೆ ಹೋಗುತ್ತಿತ್ತು. ನಾವಿಬ್ಬರೂ ನಗುತ್ತಿದ್ದೆವು.

ಹುಳು ಹಣ್ಣಾದ ದಿನವೇ ನನಗೆ ಪರೀಕ್ಷೆ, ಮಧ್ಯಾಹ್ನ ಎರಡರಿಂದ ಐದು. ಊರಿನಲ್ಲಿ ಚಂದ್ರಿಕೆ ಇದ್ದವರ ಮನೆಯಲ್ಲೂ ಹುಳು ಹಣ್ಣಾಗಿದ್ದರಿಂದ ಪೇಟೆಯಿಂದಲೇ ತರಬೇಕಿತ್ತು. ಪಕ್ಕದ ಮನೆಯ ಮಾವ ಬೆಳಗ್ಗೆ ಗೊಬ್ಬರ ಹೇರಲು ಗಾಡಿ ಕಟ್ಟುತ್ತಿದ್ದವರು ನಿಂತು ಕೇಳಿದರು.

"ಗೊಬ್ರ ನಾಳೆ ಹೊಡುದ್ರೆ ಆಯ್ತದೆ. ಈಗ್ಲೇ ಓಗಿ ಚಂದ್ರಿಕೆ ತಂದ್ಬುಡ್ಲಾ?"

"ಬೇಡ ಮಾವ, ಸುಮ್ನೆ ಯಾಕೆ ನಿಮ್ ಕೆಲ್ಸ ಕೆಡುಸ್ಕತೀರಿ. ಅಂಗ್ಡಿ ಸಂಜೆ ಏಳರ ತಂಕ ಇರ್ತದೆ. ನೀವು ಐದಕ್ಕೆ ಅಲ್ಲಿಗೆ ಬನ್ನಿ, ನಾನೂ ಪರೀಕ್ಷೆ ಮುಗುಸ್ಕಂಡು ಬತ್ತೀನಿ."

ಅವ್ವ ಒಳಗಿನಿಂದ ಹೇಳಿದಳು, "ಒಸಿ ಬೇಗ್ನೆ ತಂದ್ರೆ ಒಳ್ಳೇದಲ್ವಾ?"

"ಬೋರ್ಡಲ್ಲಿ ಬರ್ದೈತೆ ಕಣವ್ವ. ದಿನಾ ಓದ್ತೀನಿ ನಾನು."

ಅಷ್ಟು ಸಾಕಾಯಿತು ಅವಳಿಗೆ. ಓದಿದ ಮಗಳು ಹೇಳಿದ್ದಾಳೆ, ಬೋರ್ಡಲ್ಲಿ ಬರೆದಿದೆ, ಇನ್ನೇನು. ನಾನು ಸುಳ್ಳು ಹೇಳಿರಲಿಲ್ಲ. ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ, ಬೆಳಿಗ್ಗೆ ೮ರಿಂದ ಸಂಜೆ ೭ರವರೆಗೆ ಎಂದು ಬರೆಸಿ, ಕೆಳಗೆ ಒಂದು ಹೂವನ್ನೂ ಬಿಡಿಸಿದ್ದರು.

ಐದು ಗಂಟೆಗೆ ಪರೀಕ್ಷೆ ಮುಗಿಸಿ ಓಡಿದೆ. ಮಾವ ಗಾಡಿ ನಿಲ್ಲಿಸಿಕೊಂಡು ಅಂಗಡಿಯ ಎದುರು ಸಪ್ಪೆ ಮುಖ ಹಾಕಿ ನಿಂತಿದ್ದರು. ಬಾಗಿಲಿಗೆ ಬೀಗ, ನನ್ನ ಮುಷ್ಟಿಯಷ್ಟು ದಪ್ಪದ್ದು. ಬೀಗದ ಮೇಲುಗಡೆಯೇ ಆ ಬೋರ್ಡು. ಪಕ್ಕದಲ್ಲಿ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಮುದುಕರೊಬ್ಬರು ಚಕ್ರ ನಿಲ್ಲಿಸಿ ಹೇಳಿದರು, "ನಾಲ್ಕಕ್ಕೇ ಹಾಕ್ಬಿಟ್ಟು ಹೋದ್ರಲ್ಲ ಬೇಟಿ. ಹಿಂದುಗಡೆ ಬೀದೀಲೇ ಮನೆ. ಹೋಗಿ ಕೇಳಿ ನೋಡಿ."

ಹೋದೆವು. ಅಂಗಡಿಯವನು ಜಗಲಿಯ ಮೇಲೆ ಗೋಣಿ ಹಾಸಿಕೊಂಡು, ಮೊಣಕೈವರೆಗೂ ಎಣ್ಣೆ ಸವರಿಕೊಂಡು, ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದ. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಮನೆಯಲ್ಲಿ ಸಾವಿಲ್ಲ, ಹೆರಿಗೆಯಿಲ್ಲ. ಹಲಸಿನ ಹಣ್ಣು!

"ಹುಳ ಹಣ್ಣಾಗ್ಬುಟ್ಟವೆ, ಒಸಿ ಬಂದು ಬಾಗ್ಲು ತೆಗೀರಿ," ಎಂದರು ಮಾವ.

"ಕೈಯೆಲ್ಲ ಮೇಣ ಆಗೈತೆ ಕಣಪ್ಪ. ಬೆಳಗ್ಗೆ ಬನ್ನಿ."

"ಬೀಗದ ಕೈ ಕೊಡಿ, ನಾವೇ ತಗೊಂಡು ಬೀಗ ಹಾಕಿ ತಂದುಕೊಡ್ತೀವಿ," ಎಂದೆ.

"ಅದೆಂಗಮ್ಮ ಕೊಡಾಕಾಯ್ತದೆ?"

"ಏಳು ಗಂಟೆವರೆಗೂ ತೆಗೆದಿರ್ತದೆ ಅಂತ ನೀವೇ ಬೋರ್ಡು ಹಾಕಿದ್ದೀರಲ್ಲ!"

ಆತ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಕೋಪವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಗು ಬಂತು. "ಬೋರ್ಡು ಬರೆಯೋನು ಎಲ್ರುಗೂ ಅಂಗೇ ಬರೀತಾನೆ ಕಣಮ್ಮ. ಬೋರ್ಡು ಓದ್ಕಂಡು ಯಾರಾದ್ರೂ ಯಾಪಾರಕ್ಕೆ ಬತ್ತಾರಾ? ಯಾರ್ನಾರ ಕೇಳ್ಕಂಡು ಬರ್ಬೇಕು. ಓದಿರೋಳಂಗೆ ಕಾಣ್ತೀಯ, ಅಷ್ಟು ತಿಳಿಯಾಕಿಲ್ವಾ?" ಎಂದವನು ಎಣ್ಣೆಗೈಯಲ್ಲೇ ಎರಡು ತೊಳೆ ನನ್ನತ್ತ ಚಾಚಿದ. "ತಗಾ, ತಿನ್ನು. ಜೇನಿನಂಗೈತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಆ ಹಣ್ಣನ್ನು ಎತ್ತಿ ಅವನ ತಲೆಯ ಮೇಲೇ ಕುಕ್ಕಬೇಕು ಅನ್ನಿಸಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಅಂಗಡಿ ಹಾಳಾಗಿ ಹೋಗ, ನಿನ್ನ ಬೋರ್ಡಿಗೆ ಗೆದ್ದಲು ಹತ್ತ ಎಂದೆ. ತಗಡಿಗೆ ಗೆದ್ದಲು ಹತ್ತುವುದಿಲ್ಲ ಎಂಬುದೂ ಆಗ ಹೊಳೆಯಲಿಲ್ಲ. ಮಾವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಪೇಟೆಯಲ್ಲಿ ಇನ್ನೆರಡು ಕಡೆ ಕೇಳಿದೆವು. ಹುಳು ಹಣ್ಣಾಗುವ ಕಾಲ, ಇದ್ದಬದ್ದ ಚಂದ್ರಿಕೆಗಳೆಲ್ಲ ಮಧ್ಯಾಹ್ನಕ್ಕೇ ಖಾಲಿಯಾಗಿದ್ದವು. ಬರಿಗಾಡಿ ಊರಿಗೆ ವಾಪಸು ಬಂತು.

ಅವ್ವ ಹಣ್ಣು ಹುಳುಗಳನ್ನು ಆರಿಸಿ ಮೊರ ತುಂಬಿಸಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ತೊಗರಿ ಕಡ್ಡಿ, ತೆಂಗಿನ ಗರಿ, ಹೊಸ ಪೊರಕೆ, ರಾಗಿ ಹುಲ್ಲು, ಮನೆಯಲ್ಲಿದ್ದುದನ್ನೆಲ್ಲ ತಂದು ಹರಡಿದೆವು. ಅದರಲ್ಲಿ ಎಷ್ಟು ಹಿಡಿಸೀತು! ಉಳಿದವು ತಟ್ಟೆಯ ಮೂಲೆಗೆ, ಗೋಡೆಗೆ, ಹಗ್ಗಕ್ಕೆ ಹತ್ತಿದವು. ಒಂದು ಅವ್ವನ ಸೆರಗಿನ ಮಡಿಕೆಯಲ್ಲೇ ಕಟ್ಟತೊಡಗಿತು. ಆಗ ಅವಳು ಕೇಳಿದಳು, ಮೆಲ್ಲಗೆ.

"ಅಲ್ಲಿ ಏಳು ಅಂತ್ಲೇ ಬರ್ದಿತ್ತಾ ಮಗ? ನೀನು ಸರ್ಯಾಗಿ ಓದ್ದಾ?"

ಅಯ್ಯೋ, ಅದಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ವಾಸಿಯಿತ್ತು. "ಏಳೇ ಬರ್ದಿರೋದು! ನಾನೇನ್ ಕುರುಡಿಯಾ?" ಎಂದು ಕಿರುಚಿದೆ. ಅವಳು ಸೆರಗಿನ ಹುಳುವನ್ನು ಬಿಡಿಸಿ ತೆಂಗಿನ ಗರಿಗೆ ಬಿಟ್ಟಳು.

ಬೆಳಗ್ಗೆ ಗಾಡಿ ಹೊರಟಾಗ ತಾನೂ ಬರುತ್ತೇನೆ ಎಂದು ಹತ್ತಿ ಕೂತಳು. ಎಂಟಕ್ಕೆ ಮೊದಲೇ ಅಂಗಡಿಯ ಎದುರಿದ್ದೆವು. ಎಂಟಾಯಿತು, ಒಂಬತ್ತಾಯಿತು, ಬಾಗಿಲು ತೆಗೆಯಲಿಲ್ಲ. ಅವ್ವ ಬೋರ್ಡಿನ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಆಮೇಲೆ ಗಾಡಿಯ ಮುಂದಿನ ಮೂಕಿಮರದ ಮೇಲೆ ಹತ್ತಿ, ಕೈ ಚಾಚಿ, ಸ್ಲೇಟಿನ ಮೇಲೆ ತಿದ್ದುತ್ತಿದ್ದ ಹಾಗೆಯೇ ಬೆರಳಿನಿಂದ ಆ ೭ನ್ನು ತಿದ್ದಿ ನೋಡಿದಳು.

"ಏಳೇ ಐತೆ," ಎಂದಳು. "ನೀನು ಸರ್ಯಾಗೇ ಓದಿದ್ದೀಯ."

ನನಗೆ ಸಮಾಧಾನವಾಯಿತು. ಎಂಥ ಪೆದ್ದಿ ನಾನು, ಆ ಕ್ಷಣ ಖುಷಿಪಟ್ಟೆ! ಅವನು ಒಂಬತ್ತೂವರೆಗೆ ಬಂದು ಏನೂ ಆಗಿಲ್ಲವೆಂಬಂತೆ ಚಂದ್ರಿಕೆ ಎಣಿಸಿ ಕೊಟ್ಟ. ಮನೆಗೆ ಬರುವಷ್ಟರಲ್ಲಿ ಮುಕ್ಕಾಲು ಪಾಲು ಹುಳು ಕೆಲಸ ಮುಗಿಸಿದ್ದವು. ಎರಡೆರಡು ಸೇರಿ ಕಟ್ಟಿದ ಜೋಡಿ ಗೂಡು, ಹಿಕ್ಕೆ ಮೆತ್ತಿದ ಕರೆ ಗೂಡು, ಕಡ್ಡಿಗೆ ಅಂಟಿ ಚಪ್ಪಟೆಯಾದ ಗೂಡು, ಯಾವುದಕ್ಕೂ ಬೆಲೆಯಿಲ್ಲ. ಆಡಿಕೊಂಡಿದ್ದವರು ಮತ್ತೆ ಬಂದು ಇಣುಕಿದರು. ಈ ಸಲ ಅವರಿಗೆ ಮಾತು ಬಂತು.

ಆ ವಾರವೇ ಒಂದು ಸಂಜೆ ಸ್ಲೇಟು ತಂದು ಅವ್ವನ ಮುಂದಿಟ್ಟೆ. ಅವಳು ಪಕ್ಕಕ್ಕೆ ಸರಿಸಿದಳು.

"ನನಗೆ ಬ್ಯಾಡ ಬುಡು ಮಗ. ಓದಕ್ಕೆ ಬಂದ್ರೂ ಇನ್ನೊಬ್ರುನ್ನ ಕೇಳ್ಲೇಬೇಕು ಅಂದ್ಮೇಲೆ, ಯಾಕೆ ಸುಮ್ನೆ?"

ಬೇಡಿಕೊಂಡೆ, ಜಗಳವಾಡಿದೆ, ಊಟ ಬಿಟ್ಟೆ. ಊಹೂಂ. ಮುಂದಿನ ಬೆಳೆಗಳು ಚೆನ್ನಾಗಿ ಬಂದವು. ಗೂಡಿನದು ಅವತ್ತಿಗೆ ಮುಗಿದ ನಷ್ಟ. ಇದು ಮುಗಿಯಲಿಲ್ಲ. ನಾನು ಮೇಷ್ಟ್ರು ಕೆಲಸ ಹಿಡಿದೆ. ಮಾಗಡಿ, ಕನಕಪುರ, ರಾಮನಗರ ಎಂದು ವರ್ಗವಾದಲ್ಲೆಲ್ಲ ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದೆ. ನಮ್ಮವ್ವನಿಗೆ ಮಾತ್ರ ತಿದ್ದಿಸಲಾಗಲಿಲ್ಲ.

ಅವಳ ಕೊನೆಗಾಲದಲ್ಲಿ ಜಮೀನಿನ ಕಾಗದಕ್ಕೆಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತ ನನ್ನನ್ನೇ ನೋಡುತ್ತಾ ಕೇಳಿದ, "ಏನ್ ಮೇಡಂ, ನೀವು ಟೀಚರು, ತಾಯಿಗೆ ಒಂದು ಸಹಿ ಕಲಿಸಿಲ್ವಾ?" ಮೂಗಿಗೆ ಆ ಹಲಸಿನ ವಾಸನೆ ಬಡಿಯಿತು. ಅವ್ವ ಅಷ್ಟರಲ್ಲಿ ತಾನೇ ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ಇನ್ನೊಂದು ಕೈಯಿಂದ ಮುಖದ ಮೇಲೆ ಸೆರಗು ಎಳೆದುಕೊಂಡು ಒತ್ತಿದಳು. ಮೂರು ಅಕ್ಷರ ಬಂದಿದ್ದವು ಅವಳಿಗೆ. ಇನ್ನೊಂದೇ ಒಂದು ಉಳಿದಿತ್ತು.