ನಲ್ಲಿ ತೆರೆದವಳು

ಪೂಮನಿ ಗೌಂಡನ್ ಹತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿನ ಕಾಲರ್ ಹೊಲಿದಳು. ಅದು ಮುಚ್ಚಿದ ಮೇಲೆ ಡರ್ಬನ್ನಿನ ಕುಣಿತದ ಕ್ಲಬ್ಬೊಂದರಲ್ಲಿ ಹುಡುಗಿಯರ ಕಕ್ಕಸು ತೊಳೆಯುವ ಕೆಲಸಕ್ಕೆ ಸೇರಿದಳು. ನಡುವೆ ಅವಳು ಮಾಡಿದ್ದು ಊರಂಚಿನ ಚಾಟ್ಸ್‌ವರ್ತಿನ ನಮ್ಮ ಫ್ಲ್ಯಾಟುಗಳಲ್ಲಿ ಎಲ್ಲರಿಗೂ ಗೊತ್ತು. ಬಿಲ್ಲು ಕಟ್ಟದ ಮನೆಗಳ ನೀರು ಕತ್ತರಿಸಲು ನಗರಸಭೆಯ ಆಳುಗಳು ಬಂದು ಹೋದ ಮೇಲೆ ಸ್ಪ್ಯಾನರ್ ಹಿಡಿದು ಮೀಟರ್ ಗುಂಡಿಗೆ ಇಳಿದು ನೀರು ಮತ್ತೆ ಬಿಡುತ್ತಿದ್ದವಳು ಅವಳು. ಪೊಲೀಸರ ಅಶ್ರುವಾಯು ಸಿಡಿದಾಗ ಒದ್ದೆ ಟವೆಲ್ ಹಂಚಿದವಳೂ ಅವಳೇ. ನೀರು ಯಾರಪ್ಪನದೂ ಅಲ್ಲ, ಅವಳ ರಾಜಕೀಯ ಅಷ್ಟೇ. ಉಳಿದದ್ದನ್ನು ನಿವಾಸಿಗಳ ಸಮಿತಿಯ ನಮ್ಮಂಥ ಭಾಷಣಕಾರರಿಗೆ ಬಿಟ್ಟಿದ್ದಳು.

ಶಾಲೆಯ ಅವಧಿ ಮುಗಿಯುವ ಶುಕ್ರವಾರ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದಲೇ ಕುಣಿತ. ಮಕ್ಕಳು ಸಮವಸ್ತ್ರವನ್ನು ಚೀಲಕ್ಕೆ ತುರುಕಿ ಬರುತ್ತಿದ್ದರು. ಎಕ್ಸ್‌ಟಸಿ ಎಂಬ ಅಮಲಿನ ಮಾತ್ರೆ ಬಾಗಿಲ ಬಳಿಯೇ ಸಿಗುತ್ತಿತ್ತು, ಮೇಲೆ ಹಕ್ಕಿಯ ಮುದ್ರೆ. ನುಂಗಿ ಮುಕ್ಕಾಲು ಗಂಟೆಗೆ ಕಣ್ಣಿನ ಪಾಪೆ ಅಂಗಿಯ ಗುಂಡಿಯಷ್ಟಾಗುತ್ತಿತ್ತು. ದವಡೆ ತಾನಾಗಿ ಅರೆಯುತ್ತಿತ್ತು. ಕಂಡವರನ್ನೆಲ್ಲ ತಬ್ಬುವುದು ಬೇರೆ. ಕಕ್ಕಸು ತೊಳೆಯುವವಳನ್ನೂ ಬಿಡುತ್ತಿರಲಿಲ್ಲ.

“ನಿನ್ ಕೈ ಎಷ್ಟು ನುಣುಪಾಗಿದೆ ಆಂಟಿ.”

“ಬ್ಲೀಚಲ್ಲಿ ಚರ್ಮ ಹೋಗಿದೆ ಕಣೇ. ಬಿಡು.”

ಬಾಟಲಿ ನೀರು ಮಾರಾಟವಾಗಲೆಂದು ಯಜಮಾನ ಕಕ್ಕಸಿನ ನಲ್ಲಿಗಳನ್ನು ಬಂದ್ ಮಾಡಿಸಿದ್ದ. ಆ ಬೇಸಿಗೆಯಲ್ಲಿ ಇಬ್ಬರು ಮಕ್ಕಳು ಮೈ ಕಾದು ಕುಣಿಯುತ್ತಲೇ ಬಿದ್ದರು. ಮರುವಾರ ಪೂಮನಿ ಮನೆಯಿಂದ ಅದೇ ಸ್ಪ್ಯಾನರ್ ತಂದಳು.

“ನಲ್ಲಿ ತೆರೆದಿದ್ದು ಯಾರಜ್ಜಿ?” ಮ್ಯಾನೇಜರ್ ಕೇಳಿದ.

“ಇಲಿ.”

“ಇಲಿ ಸ್ಪ್ಯಾನರ್ ಹಿಡಿಯುತ್ತಾ?”

“ಚಾಟ್ಸ್‌ವರ್ತ್ ಇಲಿ ಹಿಡಿಯುತ್ತೆ.”

ಅವನು ನಕ್ಕು ಹೋದ. ನಲ್ಲಿ ತೆರೆದೇ ಉಳಿಯಿತು.

ಡಿಸೆಂಬರಿನಲ್ಲಿ ಅವಧಿ ಮುಗಿದ ಶುಕ್ರವಾರ ತಿಲೋಶ್ನಿ ಬಂದಳು. ನಮ್ಮ ಬ್ಲಾಕಿನ ಕೆಳಮನೆಯ ಹುಡುಗಿ, ಹದಿನೇಳು ವರ್ಷ. ನುಂಗಿದ್ದು ಒಂದೇ ಮಾತ್ರೆ, ಅದೂ ಮೊದಲ ಸಲ. ಹಾಗಾಗಿ ಹೆದರಿದ್ದಳು, ಹೆಚ್ಚು ಕುಣಿಯಲೂ ಇಲ್ಲ. ಮೈ ಕಾಯುತ್ತೆ, ನೀರು ಕುಡಿ ಎಂದು ಗೆಳತಿಯರು ಹೇಳಿಕೊಟ್ಟಿದ್ದರು. ಪೂಮನಿ ತಂಪು ಪಾನೀಯದ ಎರಡು ಲೀಟರ್ ಬಾಟಲಿಯೊಂದನ್ನು ತೊಳೆದು ನಲ್ಲಿಗೆ ಹಿಡಿದಳು. ಖಾಲಿಯಾದಾಗ ಮತ್ತೆ ಹಿಡಿದಳು.

ಹುಡುಗಿ ಕಕ್ಕಸಿನೊಳಗೆ ಹೋಗಿ ಹತ್ತು ನಿಮಿಷ ಕೂತು ಹೊರಬಂದಳು.

“ಒಂದು ತೊಟ್ಟೂ ಬರ್ತಿಲ್ಲ ಆಂಟಿ.”

“ಹಂಗಾದ್ರೆ ಒಳಗೆ ನೀರು ಸಾಲ್ದು. ಕುಡಿ ಮಗಾ.”

ಮೂರನೆಯ ಬಾಟಲಿ ಅರ್ಧವಾದಾಗ ತಲೆ ಸಿಡಿಯುತ್ತಿದೆ ಎಂದಳು. ವಾಂತಿಯಲ್ಲಿ ಬರೀ ತಿಳಿನೀರು. ಪೂಮನಿಯನ್ನು ಅಮ್ಮಾ ಎಂದು ಕರೆದು, ಒಲೆ ಆರಿಸಿದೆಯಾ ಎಂದು ಕೇಳಿದಳು. ನಾಲ್ಕು ಗಂಟೆಗೆ ಫಿಟ್ಸ್ ಬಂತು. ಭಾನುವಾರ ಆಸ್ಪತ್ರೆಯಲ್ಲಿ ಸತ್ತಳು.

ಸಾವಿನ ವಿಚಾರಣೆಯಲ್ಲಿ ಡಾಕ್ಟರು ಹೇಳಿದ್ದು ಸರಳವಾಗಿತ್ತು. ಆ ಮಾತ್ರೆ ಮೈಯೊಳಗಿನ ನೀರನ್ನು ಹೊರಹೋಗಲು ಬಿಡುವುದಿಲ್ಲ. ಮೇಲಿಂದ ಮೇಲೆ ಕುಡಿದರೆ ರಕ್ತದ ಉಪ್ಪು ತೆಳ್ಳಗಾಗುತ್ತದೆ, ಮಿದುಳು ಬುರುಡೆಯೊಳಗೇ ಊದುತ್ತದೆ. ಬೆವರು ಕಿತ್ತು ಕುಣಿಯುವವರಿಗೂ ಗುಟುಕು ಗುಟುಕಾಗಿ ಸಾಕು, ಜೊತೆಗೆ ಒಂದಿಷ್ಟು ಉಪ್ಪು. ಸುಮ್ಮನೆ ಕೂತವರಿಗೆ ಇನ್ನೂ ಕಡಿಮೆ.

ಪೂಮನಿಯ ಸಾಕ್ಷ್ಯ ಮರುದಿನವಿತ್ತು. ನಮ್ಮ ಸಮಿತಿಗೆ ಆ ಕ್ಲಬ್ ಮುಚ್ಚಿಸಬೇಕಾಗಿತ್ತು. ಸಂಜೆ ನಾನು ಅವಳ ಅಡುಗೆಮನೆಗೆ ಹೋದೆ. ರೊಟ್ಟಿ ಬೇಯಿಸುತ್ತಿದ್ದಳು.

“ನಲ್ಲಿ ಬಂದ್ ಮಾಡಿಸಿದ್ರು ಅನ್ನು. ಅಷ್ಟೇ ಸಾಕು. ಸುಳ್ಳೇನಲ್ವಲ್ಲ.”

“ಆವತ್ತು ತೆರೆದಿತ್ತು.”

“ಅದನ್ನ ಯಾರೂ ಕೇಳಲ್ಲ ಪೂಮನಿ. ನೀನಾಗೇ ಯಾಕೆ ಹೇಳ್ತೀಯ?”

“ಅವಳಮ್ಮ ಅಲ್ಲೇ ಕೂತಿರ್ತಾಳೆ.”

“ಅದಕ್ಕೇ ಹೇಳ್ತಿರೋದು. ಅವಳಿಗೋಸ್ಕರ.”

“ಅವಳಿಗೋಸ್ಕರನಾ, ಸಮಿತಿಗೋಸ್ಕರನಾ? ರೊಟ್ಟಿ ತಿಂದು ಹೋಗು,” ಎಂದಳು. ನಾನು ತಿನ್ನದೆ ಎದ್ದು ಬಂದೆ.

ಕಟಕಟೆಯಲ್ಲಿ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. “ನಲ್ಲಿ ಮುಚ್ಚಿಸಿದ್ದು ಅವರು. ತೆರೆದಿದ್ದು ನಾನು. ಎರಡೂವರೆ ಬಾಟಲಿ ಕುಡಿದ್ಲು, ಎರಡೆರಡು ಲೀಟರಿಂದು. ನಾನೇ ತುಂಬಿಸ್ಕೊಟ್ಟೆ. ಬರ್ತಿಲ್ಲ ಅಂದ್ಲು, ಇನ್ನೂ ಕುಡಿ ಅಂದೆ.”

ಯಜಮಾನನ ವಕೀಲ ಏನೂ ಕೇಳಲಿಲ್ಲ. ಕೇಳುವುದಕ್ಕೆ ಏನು ಉಳಿದಿತ್ತು? ತಿಲೋಶ್ನಿಯ ಅಮ್ಮ ಕೈಚೀಲದ ಜಿಪ್ ಎಳೆದುಕೊಂಡು ಎದ್ದು ಹೋದಳು. ಕ್ಲಬ್ ಮುಚ್ಚಲಿಲ್ಲ. ನಾವು ತಿಂಗಳುಗಟ್ಟಲೆ ಪೂಮನಿಯ ಬಾಗಿಲು ತಟ್ಟಲಿಲ್ಲ. ಆ ಪಟ್ಟಿಯಲ್ಲಿ ನಾನೂ ಇದ್ದೆ.

ಯಜಮಾನನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಕೆಲಸ ಹಾಗೇ ಇಟ್ಟ. ಅವಳೂ ಹೋದಳು. ಮೆಟ್ಟಿಲಲ್ಲಿ ಆ ತಾಯಿ ಎದುರಾದರೆ ಪೂಮನಿ ಗೋಡೆಗೆ ಸರಿದು ನಿಲ್ಲುತ್ತಾಳೆ.

ಹೇಗಿದ್ದೀಯ ಎಂದು ನಾನು ಕೊನೆಗೊಂದು ದಿನ ಕೇಳಿದೆ.

“ಏನೂ ಅನ್ಸಲ್ಲ. ಕೈಗೆ ಬಿಸಿನೀರೂ ಗೊತ್ತಾಗಲ್ಲ ಈಗ.”

ನಲ್ಲಿಯ ಪಕ್ಕ ಅವಳು ಉಪ್ಪು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾಳೆ. ದೊಡ್ಡ ಬಾಟಲಿ ಎಸೆದಿದ್ದಾಳೆ. ಚಹಾದ ಲೋಟದಲ್ಲಿ ಕೊಡುತ್ತಾಳೆ, ನಿಧಾನ ಎನ್ನುತ್ತಾಳೆ. ಹುಡುಗಿ ಒಳಗೆ ಹೋದರೆ ಬಾಗಿಲ ಹೊರಗೆ ಮಾಪು ಹಿಡಿದು ನಿಲ್ಲುತ್ತಾಳೆ.

“ಬಂತಾ?”

“ಏ ಆಂಟಿ, ನಾಚಿಕೆ ಆಗಲ್ವಾ ನಿಂಗೆ?”

“ಬಂತಾ ಅಂತ ಕೇಳ್ದೆ.”

ಬರಲಿಲ್ಲವೆಂದರೆ ಲೋಟ ಕಿತ್ತುಕೊಳ್ಳುತ್ತಾಳೆ. ಜೊತೆಗೆ ತಲೆನೋವೂ ಇದ್ದರೆ ಮ್ಯಾನೇಜರನ್ನು ಕೇಳದೆ ಆಂಬುಲೆನ್ಸಿಗೆ ಫೋನು ಮಾಡುತ್ತಾಳೆ. ಒಳಗೆ ಉಚ್ಚೆಯ ಸದ್ದು ಕೇಳಿಸಿದರೆ ಮಾಪನ್ನು ಬಕೆಟ್ಟಿಗೆ ಅದ್ದಿ ಮುಂದಿನ ಬಾಗಿಲಿಗೆ ಹೋಗುತ್ತಾಳೆ.